ನಮ್ಮ ಕ್ರಾಸಿನ ಸರ್ಕಾರ

ಪಾಠ ಹೇಳುವವರಿಗೆ ಒಂದು ಸುಖವಿದೆ. ಹೇಳಿಕೊಟ್ಟದ್ದನ್ನು ತಾವೇ ಮಾಡಿ ತೋರಿಸಬೇಕಾದ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ಇತಿಹಾಸದವರು ಯುದ್ಧಕ್ಕೆ ಹೋಗಬೇಕಿಲ್ಲ, ಭೂಗೋಳದವರು ಜ್ವಾಲಾಮುಖಿಯ ಹತ್ತಿರ ಸುಳಿಯಬೇಕಿಲ್ಲ. ನಾನು ಶಿವಮೊಗ್ಗದ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವಳು. ಕರಿಹಲಗೆಯ ಮೇಲೆ ಎರಡು ಗೆರೆ ಎಳೆದು, ಇದು ಬೇಡಿಕೆ, ಇದು ಪೂರೈಕೆ, ಎರಡೂ ಕೂಡುವಲ್ಲಿ ಬೆಲೆ ತಾನಾಗಿ ನಿಲ್ಲುತ್ತದೆ, ನಡುವೆ ಯಾರೂ ಕೈ ಹಾಕಬಾರದು ಎಂದು ಹೇಳಿ, ಕೈಗೆ ಮೆತ್ತಿದ ಸೀಮೆಸುಣ್ಣ ಝಾಡಿಸಿಕೊಂಡು ಸ್ಟಾಫ್ ರೂಮಿಗೆ ಬಂದು ಕಾಫಿ ಕುಡಿಯುತ್ತಿದ್ದೆ. ನಿವೃತ್ತಿಯವರೆಗೂ ನನಗೆ ಯಾವ ತೊಂದರೆಯೂ ಆಗಲಿಲ್ಲ.

ಸುಮ್ಮನೆ ಬಾಯಿಪಾಠ ಒಪ್ಪಿಸುತ್ತಿದ್ದೆ ಎಂದುಕೊಳ್ಳಬೇಡಿ, ಅದನ್ನು ನಂಬಿಯೂ ಇದ್ದೆ. ನನ್ನ ತಂದೆ ಕೋಟೆಯ ಹತ್ತಿರ ಪಾತ್ರೆ ಅಂಗಡಿ ಇಟ್ಟಿದ್ದರು. ಗಿರಾಕಿ ಒಂದು ಕೊಳಗವನ್ನು ತಟ್ಟಿ, ತಿರುವಿ, ಬೆಳಕಿಗೆ ಹಿಡಿದು, ಬೇಡ ಎಂದು ಎದ್ದು ಹೋಗಿ, ನಾಲ್ಕು ಅಂಗಡಿ ಸುತ್ತಿ, ಮತ್ತೆ ಬಂದು ಅದೇ ಕೊಳಗವನ್ನು ಒಯ್ಯುವುದನ್ನು ನೋಡುತ್ತ ಬೆಳೆದವಳು ನಾನು. ಆ ವ್ಯಾಪಾರದಲ್ಲಿ ಒಂದು ನಾಟಕದ ಸುಖ ಇತ್ತು, ನ್ಯಾಯವೂ ಇತ್ತು. ಸರ್ಕಾರ ಎಂಬುದು ನಮ್ಮ ಅಂಗಡಿಗೆ ವರ್ಷಕ್ಕೊಮ್ಮೆ ತಕ್ಕಡಿಗೆ ಮುದ್ರೆ ಒತ್ತಲು ಬರುವ ಒಬ್ಬ ಮನುಷ್ಯ, ಅಷ್ಟೇ. ಅವನು ಬಂದ ದಿನ ಅಪ್ಪ ಮಾತು ಕಡಿಮೆ ಆಡುತ್ತಿದ್ದರು.

ಮದುವೆಯಾಗಿದ್ದು ಮಾತ್ರ ಸರ್ಕಾರವನ್ನೇ. ನಮ್ಮನೆಯವರು, ಸದಾಶಿವ, ಭದ್ರಾವತಿಯ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಕಾರ್ಖಾನೆ ಅವರಿಗೆ ಮನೆ ಕೊಟ್ಟಿತ್ತು, ನೀರು ಕೊಟ್ಟಿತ್ತು, ಜ್ವರ ಬಂದರೆ ಮಾತ್ರೆ ಕೊಟ್ಟಿತ್ತು, ಸೈರನ್ ಕೂಗಿ ಇಡೀ ಊರಿಗೆ ಹೊತ್ತು ಎಷ್ಟಾಯಿತೆಂದೂ ಹೇಳುತ್ತಿತ್ತು. ಹೀಗೆ ಬೆಳೆದ ಮನುಷ್ಯನಿಗೆ ಬೇಡಿಕೆ ಪೂರೈಕೆಯ ಗೆರೆಗಳನ್ನು ತೋರಿಸಿದರೆ ಏನು ಹೇಳುತ್ತಾನೆ? "ಆ ಎರಡು ಗೆರೆ ಎಳೆಯೋಕೂ ಒಬ್ಬ ಬೇಕಲ್ಲ ಮಾರಾಯ್ತಿ," ಎನ್ನುತ್ತಿದ್ದರು. ಈ ಜಗಳ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯಷ್ಟೇ ನಿಯಮಿತ. ಪೇಪರಿನಲ್ಲಿ ಈರುಳ್ಳಿ ಬೆಲೆ ಏರಿದೆ ಎಂದು ಬಂದರೆ ಸಾಕು, ಅವರು ಸರ್ಕಾರ ಕೂಡಲೇ ಏನಾದರೂ ಮಾಡಬೇಕು ಎನ್ನುವರು, ನಾನು ಸರ್ಕಾರ ಕೂಡಲೇ ಸುಮ್ಮನಿರಬೇಕು ಎನ್ನುವೆ. ಈರುಳ್ಳಿ ಇಬ್ಬರ ಮಾತನ್ನೂ ಕೇಳದೆ ತನ್ನ ಪಾಡಿಗೆ ಇಳಿಯುತ್ತಿತ್ತು.

ಭದ್ರಾವತಿಯ ಕ್ವಾರ್ಟರ್ಸ್ ಬಿಟ್ಟು ನಾವು ಶಿವಮೊಗ್ಗದ ವಿದ್ಯಾನಗರದಲ್ಲಿ ಮನೆ ಕಟ್ಟಿಕೊಂಡ ಮೇಲೂ ಜಗಳ ಮಾತ್ರ ನಮ್ಮ ಜೊತೆಗೇ ಬಂತು. ಆದರೆ ಅದು ಮಾತಿನ ಜಗಳ. ಇಬ್ಬರಲ್ಲಿ ಯಾರಿಗೂ ತಮ್ಮ ಸಿದ್ಧಾಂತವನ್ನು ಆಚರಣೆಗೆ ತರುವ ಅವಕಾಶ ಸಿಕ್ಕಿರಲಿಲ್ಲ. ಸೆಲ್ವಿ ಬರುವವರೆಗೆ.

ನಮ್ಮ ಕ್ರಾಸಿನ ಮೂಲೆಯಲ್ಲಿ ಒಂದು ಖಾಲಿ ಸೈಟು ಇದೆ, ಅದರ ಅಂಚಿಗೆ ಒಂದು ಹೊಂಗೆ ಮರ. ಒಂದು ಸಂಜೆ ಆ ಮರದ ಕೆಳಗೆ ಒಂದು ಲಗೇಜ್ ಆಟೋ ಬಂದು ನಿಂತಿತು. ಅದರಿಂದ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಇಳಿದು, ಗ್ಯಾಸ್ ಒಲೆ ಇಳಿಸಿ, ಪಡ್ಡಿನ ಹಂಚು ಇಟ್ಟು, ನಮ್ಮ ಗೇಟಿಗೆ ಬಂದಳು.

"ಮೇಡಂ, ಒಂದು ಬಿಂದಿಗೆ ನೀರು ಕೊಡ್ತೀರಾ? ನಾಳೆಯಿಂದ ನಾನೇ ತರ್ತೀನಿ."

ನೀರು ಕೊಡುತ್ತ ವಿಚಾರಿಸಿದೆ. ಭದ್ರಾವತಿಯವಳು. ಕಾರ್ಖಾನೆಯ ಕೆಲಸಕ್ಕೆಂದು ತಾತನ ಕಾಲದಲ್ಲೇ ತಮಿಳು ಸೀಮೆಯಿಂದ ಬಂದವರ ಮನೆ. ಅಲ್ಲಿಯೂ ಗಾಡಿ ಇಟ್ಟಿದ್ದಳಂತೆ, ವ್ಯಾಪಾರ ಸಾಲದೆಂದು ಇಲ್ಲಿಗೆ ಬಂದಿದ್ದಾಳೆ.

"ಇಷ್ಟು ದೊಡ್ಡ ಶಿವಮೊಗ್ಗದಲ್ಲಿ ಈ ಮೂಲೆ ಹೇಗೆ ಕಂಡಿತು ನಿಂಗೆ?" ಎಂದು ಕೇಳಿದೆ.

"ಹೋದ ವಾರ ಇಲ್ಲಿ ಸುಮ್ನೆ ನಿಂತ್ಕೊಂಡು ನೋಡ್ದೆ ಮೇಡಂ. ಟ್ಯೂಷನ್ ಮುಗಿಸ್ಕೊಂಡು ಅಷ್ಟು ಮಕ್ಳು ಹಸ್ಕೊಂಡು ಹೋಗ್ತಾ ಇದ್ರು. ಹೊಟ್ಟೆ ಉರೀತು."

ಹೊಟ್ಟೆ ಉರಿದದ್ದು ಮಕ್ಕಳ ಹಸಿವಿಗೋ, ಕೈತಪ್ಪಿದ ವ್ಯಾಪಾರಕ್ಕೋ ನಾನು ಕೇಳಲಿಲ್ಲ. ಎರಡಕ್ಕೂ ಇರಬಹುದು. ನನ್ನ ಶಾಸ್ತ್ರದ ಪ್ರಕಾರ ಎರಡೂ ಒಂದೇ, ಅದೇ ಅದರ ಚೆಂದ. ಅವಳ ಪಡ್ಡು ಹೊರಗೆ ಗರಿಗರಿ, ಒಳಗೆ ಹತ್ತಿ. ಜೊತೆಗೆ ಕಾಯಿ ಚಟ್ನಿ. ತಿಂಗಳೊಳಗೆ ನಮ್ಮ ಮನೆಯಲ್ಲಿ ಸಂಜೆಯ ತಿಂಡಿ ಮಾಡುವುದೇ ನಿಂತುಹೋಯಿತು.

ಪಡ್ಡಿನ ಸುದ್ದಿ ಹರಡಿತು. ಕೋಟೆಯ ಕಡೆಯಿಂದ ಗಿರೀಶ ಎಂಬ ಹುರುಪಿನ ಯುವಕ ಗೋಬಿ ಮಂಚೂರಿಯ ಗಾಡಿ ತಂದ. ಹಿಂದೆಯೇ ಮಂಡಕ್ಕಿ ಮಿರ್ಚಿ ಬಂತು, ಪಾನಿಪೂರಿ ಬಂತು, ಕಬ್ಬಿನ ಹಾಲು ಬಂತು, ಇನ್ನೊಂದು ಪಡ್ಡಿನ ಗಾಡಿಯೂ ಬಂತು. ಸೆಲ್ವಿ ಕೂಡಲೇ ಕೆಂಪು ಚಟ್ನಿಯನ್ನೂ ಕೊಡತೊಡಗಿದಳು. ಇನ್ನೊಬ್ಬ ಪಡ್ಡಿಗೆ ಸೊಪ್ಪು ಹಾಕಿದ. ಸೆಲ್ವಿ ಒಂದು ಪ್ಲೇಟಿಗೆ ಒಂದು ಪಡ್ಡು ಜಾಸ್ತಿ ಮಾಡಿದಳು. ನಾನು ಮಹಡಿಯ ಮೇಲೆ ನಿಂತು, ಜೀವಮಾನವಿಡೀ ಬಾಯಲ್ಲಿ ಹೇಳಿದ ಪಾಠ ಕಣ್ಣೆದುರು ಹಬೆಯಾಡುವುದನ್ನು ನೋಡುತ್ತಿದ್ದೆ. ಯಾರೂ ಆಜ್ಞೆ ಮಾಡಿಲ್ಲ, ಯಾರೂ ಯೋಜನೆ ಹಾಕಿಲ್ಲ, ಆದರೂ ಇಡೀ ಬೀದಿಯ ಹಸಿವಿಗೆ ವ್ಯವಸ್ಥೆಯಾಗಿದೆ.

"ನೋಡಿ," ಎಂದೆ ಇವರಿಗೆ. "ಒಬ್ಬ ಅಧಿಕಾರಿಯೂ ಇಲ್ಲ ಇಲ್ಲಿ."

ಇವರು ಪಡ್ಡು ತಿನ್ನುತ್ತ, "ನೋಡ್ತಾ ಇದೀನಿ," ಎಂದರು. ಅವರ ಕಣ್ಣು ನಮ್ಮ ಗೇಟಿನ ಮೇಲಿತ್ತು. ಗೇಟಿಗೆ ಅಡ್ಡಲಾಗಿ ಯಾರದೋ ಬೈಕು ನಿಂತಿತ್ತು.

ಬೈಕಿನ ವಿಷಯ ನನ್ನ ಗಮನಕ್ಕೂ ಬಂದಿತ್ತು, ಆದರೆ ಸಿದ್ಧಾಂತವನ್ನು ಪ್ರೀತಿಸುವವರು ಸಣ್ಣಪುಟ್ಟದ್ದನ್ನು ಸಹಿಸಿಕೊಳ್ಳಬೇಕಾಗುತ್ತದೆ. ದಿನೇ ದಿನೇ ಬೈಕು ಹೆಚ್ಚಿದವು. ತಿಂದವರು ಪೇಪರ್ ಪ್ಲೇಟನ್ನು ನಮ್ಮ ದಾಸವಾಳದ ಗಿಡಕ್ಕೆ ಸಿಕ್ಕಿಸಿ ಹೋಗುತ್ತಿದ್ದರು. ಕರಿದ ಎಣ್ಣೆಯ ಹೊಗೆ ಒಣಗಿಹಾಕಿದ ಬಟ್ಟೆಗೆಲ್ಲ ಹತ್ತಿ, ನಾನು ಸೀರೆ ಉಟ್ಟುಕೊಂಡು ಮದುವೆಮನೆಗೆ ಹೋದರೆ ಪಕ್ಕದವರು ಊಟಕ್ಕೆ ಗೋಬಿ ಮಂಚೂರಿ ಇದೆಯೆಂದು ತಿಳಿಯುತ್ತಿದ್ದರು. ಇದಕ್ಕೂ ನನ್ನ ಶಾಸ್ತ್ರದಲ್ಲಿ ಒಂದು ಅಧ್ಯಾಯವಿದೆ. ಒಬ್ಬರ ವ್ಯವಹಾರದ ಬಿಸಿ ಅದರಲ್ಲಿ ಪಾಲಿಲ್ಲದ ಇನ್ನೊಬ್ಬರಿಗೆ ತಟ್ಟುವ ಪ್ರಸಂಗ. ಆ ಅಧ್ಯಾಯ ವರ್ಷದ ಕೊನೆಗೆ ಬರುತ್ತಿತ್ತು, ಪರೀಕ್ಷೆಗೆ ಮುಖ್ಯವಲ್ಲ ಎಂದು ನಾನು ಬೇಗ ಬೇಗ ಮುಗಿಸುತ್ತಿದ್ದೆ.

ಒಂದು ಸಂಜೆ ಎದುರು ಮನೆಯ ಸರೋಜಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಎಂಬತ್ತು ದಾಟಿದ ಜೀವ. ಸೊಸೆ ಆಗತಾನೆ ಆಫೀಸಿನಿಂದ ಬಂದಿದ್ದಳು, ಕೂಡಲೇ ಆಂಬುಲೆನ್ಸ್ ಕರೆಸಿದಳು. ಆಂಬುಲೆನ್ಸ್ ಬಂತು, ಕ್ರಾಸಿನ ತುದಿಯಲ್ಲೇ ನಿಂತಿತು. ಎರಡೂ ಬದಿಗೆ ಬೈಕು, ನಡುವೆ ಗಾಡಿ, ಅವುಗಳ ನಡುವೆ ಪ್ಲೇಟು ಹಿಡಿದ ಜನ. ಸೈರನ್ ಕೂಗಿದ್ದೇ ಕೂಗಿದ್ದು. ಬೈಕಿನವರಿಗೆ ತಮ್ಮ ಬೈಕು ಯಾವುದರ ಹಿಂದಿದೆ ಎಂದೇ ತಿಳಿಯದು.

ನಾನೂ ಇವರೂ ಓಡಿದೆವು. ನಾವು ಹೋಗುವಷ್ಟರಲ್ಲಿ ಗಿರೀಶ ಒಲೆ ಆರಿಸಿ ಸ್ಟ್ರೆಚರಿನ ಒಂದು ತುದಿ ಹಿಡಿದಿದ್ದ, ಮಂಡಕ್ಕಿಯವನು ಇನ್ನೊಂದು ತುದಿ. ಸೆಲ್ವಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೈಕುಗಳನ್ನು ಒಂದೊಂದಾಗಿ ಚರಂಡಿಯ ಕಡೆಗೆ ನೂಕುತ್ತ ದಾರಿ ಬಿಡಿಸುತ್ತಿದ್ದಳು. ಹೊಗೆಯ ನಡುವೆ ಸರೋಜಮ್ಮನ ಸವಾರಿ ಹೊರಟಿತು. ನೋವಿನಿಂದ ಮುಖ ಕಿವುಚಿಕೊಂಡಿದ್ದ ಅವರು ಗೋಬಿ ಗಾಡಿಯ ಹತ್ತಿರ ಬಂದಾಗ ಕಣ್ಣು ಬಿಟ್ಟು, "ಎಣ್ಣೆ ಬದ್ಲಾಯ್ಸೋ, ಕಮಟು ಹೊಡೀತಾ ಇದೆ," ಎಂದರು. ಗಿರೀಶ, "ಆಯ್ತು ಅಜ್ಜಿ," ಎಂದ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಜೀವಕ್ಕೆ ಏನೂ ಆಗಲಿಲ್ಲ. ಆದರೆ ಆ ರಸ್ತೆಯ ತುದಿಯಲ್ಲಿ ಕೂಗುತ್ತ ನಿಂತ ಆಂಬುಲೆನ್ಸ್ ಎಲ್ಲರ ಎದೆಯಲ್ಲೂ ಕೂತುಬಿಟ್ಟಿತು. ಆ ಭಾನುವಾರವೇ ಬಡಾವಣೆಯ ನಿವಾಸಿಗಳ ಸಂಘದ ಸಭೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ನಾಗರಾಜಪ್ಪ ಎದ್ದು, "ಎಲ್ಲಾ ಎತ್ತಂಗಡಿ ಮಾಡ್ಸೋಣ. ಇದು ವಾಸದ ಬಡಾವಣೆ, ಸಂತೆ ಅಲ್ಲ," ಎಂದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಹೊಡೆದವರಲ್ಲಿ ಮುಕ್ಕಾಲು ಪಾಲು ಜನ ಹಿಂದಿನ ಸಂಜೆ ಕೂಡ ಮಿರ್ಚಿ ತಿಂದವರು.

ನಾನು ಎದ್ದು ನಿಂತೆ. ಸ್ಟ್ರೆಚರ್ ಹೊತ್ತವರೂ ಅವರೇ ಎಂದೆ. ಪೂರ್ತಿ ಓಡಿಸುವುದು ಬೇಡ, ಒಂದು ಕ್ರಮಕ್ಕೆ ತರೋಣ ಎಂದೆ. ನನಗರಿವಿಲ್ಲದೆ 'ಕ್ರಮ' ಎಂಬ ಶಬ್ದ ನನ್ನ ಬಾಯಿಂದ ಬಂದಿತ್ತು. ಪಕ್ಕದಲ್ಲಿ ಕೂತಿದ್ದ ಇವರು ತಲೆಯೆತ್ತಿ ನನ್ನನ್ನೇ ನೋಡಿದರು. ಸಭೆಗಳ ರೂಢಿಯಂತೆ ಸಲಹೆ ಕೊಟ್ಟವರ ತಲೆಗೇ ಕೆಲಸ ಬಂತು. ಬೀದಿ ವ್ಯಾಪಾರದ ಸಮಿತಿ ಎಂದು ಒಂದನ್ನು ಮಾಡಿ, ನನ್ನನ್ನು ಅಧ್ಯಕ್ಷೆ ಮಾಡಿದರು. ಸಂಘಕ್ಕೆ ಇಂಥ ಅಧಿಕಾರ ಇದೆಯೋ ಇಲ್ಲವೋ ಯಾರೂ ಕೇಳಲಿಲ್ಲ. ಅಧಿಕಾರ ಹುಟ್ಟುವುದು ಬಹುಶಃ ಹೀಗೇ, ಯಾರೂ ಕೇಳದಿದ್ದಾಗ.

ಮೊದಲ ನಿಯಮ ಸರಳವಾಗಿತ್ತು. ಆರು ಗಾಡಿ, ಹೆಚ್ಚಿಲ್ಲ. ಮೊದಲು ಬಂದ ಆರು ಜನಕ್ಕೆ ಜಾಗ ಕಾಯಂ, ಆಮೇಲೆ ಬಂದವರು ಬೇರೆ ಕಡೆ ನೋಡಿಕೊಳ್ಳಬೇಕು. ಎರಡು ಪಡ್ಡಿನ ಗಾಡಿ ಏಕೆಂದು ಯಾರೋ ಕೇಳಿದ್ದಕ್ಕೆ ಒಂದು ಬಗೆಯ ತಿಂಡಿಗೆ ಒಂದೇ ಗಾಡಿ ಎಂಬ ನಿಯಮ ಬಂತು. ಸೊಪ್ಪಿನ ಪಡ್ಡಿನವನು ಹೋದ, ಅವನ ಜಾಗಕ್ಕೆ ಬೇಯಿಸಿದ ಜೋಳದವನೊಬ್ಬ ಬಂದ. ಕಸದ ಡಬ್ಬಿಯ ನಿಯಮ, ಎಣ್ಣೆಯ ನಿಯಮ, ಹಾಡು ಹಾಕುವ ನಿಯಮ ಒಂದೊಂದಾಗಿ ಬಂದವು. ನಿಯಮ ಮಾಡುವುದರಲ್ಲಿ ಒಂದು ರುಚಿಯಿದೆ, ಅದು ನನಗೆ ಗೊತ್ತೇ ಇರಲಿಲ್ಲ. ಸಂಜೆ ವಾಕಿಂಗ್ ಹೊರಟರೆ ಗಾಡಿಯವರೆಲ್ಲ ಸೆಟೆದು ನಿಲ್ಲುವರು. ನಾನು ಕಬ್ಬಿನ ಹಾಲಿನವನ ಡಬ್ಬಿಯೊಳಗೆ ಇಣುಕಿ 'ಹೂಂ' ಎನ್ನುವೆ. ಆ 'ಹೂಂ' ಅನ್ನು ನಾನು ಯಾರಿಂದ ಕಲಿತೆನೋ ಗೊತ್ತಿಲ್ಲ, ತಕ್ಕಡಿಗೆ ಮುದ್ರೆ ಒತ್ತಲು ಬರುತ್ತಿದ್ದವನು ಹಾಗೇ ಮಾಡುತ್ತಿದ್ದ.

ನಮ್ಮ ಸೀಮೆಯ ಹಳೆಯ ಶಾಸನಗಳನ್ನು ನೋಡಿದರೆ ಅರಸರಿಗೂ ಇದೇ ಚಪಲವಿದ್ದದ್ದು ತಿಳಿಯುತ್ತದೆ. ಮೆಣಸಿನ ಹೇರಿಗೆ ಸುಂಕ, ಎಲೆಯ ಹೇರಿಗೆ ಸುಂಕ, ಗಾಣಕ್ಕೆ ಸುಂಕ, ಮಗ್ಗಕ್ಕೆ ಸುಂಕ. ಕಲ್ಲಿನಲ್ಲಿ ಕೆತ್ತಿಸಿಯೂ ಧೈರ್ಯ ಸಾಲದೆ, ತಪ್ಪಿ ನಡೆದವರಿಗೆ ಕೊನೆಯಲ್ಲಿ ಒಂದು ಶಾಪವನ್ನೂ ಹಾಕಿಸುತ್ತಿದ್ದರು. ಶಾಪದ ಸಾಲು ಬರೆಯುವಾಗ ಆ ಅರಸನಿಗೂ ನನ್ನಂತೆಯೇ ಒಬ್ಬ ಗೋಬಿ ಮಂಚೂರಿಯವನ ನೆನಪು ಬಂದಿರಬೇಕು. ನಾನು ಶಾಪ ಹಾಕಲಿಲ್ಲ. ನಿಯಮಗಳನ್ನು ಬರೆಸಿ ಹೊಂಗೆ ಮರಕ್ಕೆ ಒಂದು ಬೋರ್ಡು ಕಟ್ಟಿಸಿದೆ, ಅಷ್ಟೇ.

ರಸ್ತೆ ಖಾಲಿಯಾಯಿತು, ಅದು ನಿಜ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸೆಲ್ವಿಯ ಕೆಂಪು ಚಟ್ನಿ ಕಾಣೆಯಾಗಿತ್ತು. ಪ್ಲೇಟಿನಲ್ಲಿ ಒಂದು ಪಡ್ಡು ಕಡಿಮೆಯಾಗಿತ್ತು. ಉಳಿದವೂ ಕೊಂಚ ಸೊರಗಿದ್ದವು. ಏಳು ಗಂಟೆಗೇ ಗಾಡಿ ಮುಚ್ಚುತ್ತಿದ್ದಳು.

"ಏನು ಸೆಲ್ವಿ, ಪಡ್ಡು ಸಣ್ಣ ಆಗಿದೆ?" ಎಂದೆ.

"ಹಂಚು ಹೊಸದು ಮೇಡಂ," ಎಂದಳು, ನನ್ನ ಮುಖ ನೋಡದೆ. ಆಮೇಲೆ ದನಿ ತಗ್ಗಿಸಿ, "ನೀವು ಮಾತ್ರ ಹೊಸಬರನ್ನ ಬಿಡ್ಬೇಡಿ ಮೇಡಂ. ಈಗ ಎಷ್ಟು ನೆಮ್ಮದಿ ಇದೆ ಗೊತ್ತಾ," ಎಂದಳು.

ಅವಳ ನೆಮ್ಮದಿ ನನಗೆ ಅರ್ಥವಾಗುತ್ತಿತ್ತು. ದಿನವೂ ಭದ್ರಾವತಿಯಿಂದ ಹಿಟ್ಟು ರುಬ್ಬಿಕೊಂಡು ಬರುವವಳು, ಪಕ್ಕದವನು ಇವತ್ತು ಏನು ಹೊಸದು ಮಾಡುತ್ತಾನೋ ಎಂದು ಹೆದರದೆ ಇರುವುದು ಎಂಥ ವಿಶ್ರಾಂತಿ. ಆ ವಿಶ್ರಾಂತಿಯ ಖರ್ಚು ನಮ್ಮ ಪ್ಲೇಟಿನಿಂದ ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ. ಸ್ಪರ್ಧೆ ನಿಂತರೆ ನಷ್ಟ ಗಿರಾಕಿಗೇ ಎಂದು ನಾನು ಅದೆಷ್ಟು ತರಗತಿಗೆ ಕೊರೆದಿಲ್ಲ! ಈಗ ಅದು ನನ್ನ ಸಹಿಯಿಂದಲೇ ಆಗಿತ್ತು.

ಆ ದಿನಗಳಲ್ಲೇ ರೇಣುಕಾ ಬಂದದ್ದು. ಸ್ಕೂಟಿಯ ಹಿಂದೆ ಒಂದು ಡಬ್ಬ ಕಟ್ಟಿಕೊಂಡು, ಬೋರ್ಡು ಓದಿಕೊಂಡೇ ನಮ್ಮ ಮನೆಗೆ ಬಂದಳು. ಅವಳೂ ಭದ್ರಾವತಿಯ ಕಡೆಯವಳೇ, ಈಗ ಇಲ್ಲೇ ಬಾಡಿಗೆಗೆ ಇದ್ದಾಳೆ. ಅಕ್ಕಿ ರೊಟ್ಟಿ ಮಾಡುತ್ತೇನೆ, ಒಂದು ಮೂಲೆ ಕೊಡಿ ಎಂದಳು.

"ಆರು ಗಾಡಿ ತುಂಬಿದೆ ಕಣಮ್ಮ," ಎಂದೆ.

"ನನ್ನದು ಗಾಡಿ ಅಲ್ಲ ಮೇಡಂ, ಸ್ಕೂಟಿ."

"ಅದೂ ಲೆಕ್ಕಕ್ಕೆ ಬರುತ್ತೆ."

"ಯಾರಾದ್ರೂ ಬಿಟ್ರೆ?"

"ಯಾರೂ ಬಿಡಲ್ಲ," ಎಂದೆ. ನಿಜವಾದ ಮಾತು. ಸಿಕ್ಕಿದ ಜಾಗವನ್ನು ಯಾರು ಬಿಡುತ್ತಾರೆ?

ಅವಳು ವಾದ ಮಾಡಲಿಲ್ಲ. ಒಂದು ರೊಟ್ಟಿಯನ್ನು ಬಾಳೆಲೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟು, "ರುಚಿ ನೋಡಿ," ಎಂದು ಹೋದಳು. ಲಂಚವಾಗುತ್ತದೆಂದು ನಾನು ಮುಟ್ಟಲಿಲ್ಲ. ಇವರು ಮುಟ್ಟಿದರು.

ಅಲ್ಲಿಂದ ಮುಂದೆ ಇವರ ಸಂಜೆಯ ವಾಕಿಂಗ್ ಉದ್ದವಾಯಿತು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ನಾನು ಸಂತೋಷಪಟ್ಟೆ. ಒಂದು ದಿನ ಪಾರ್ಕಿನ ಹಿಂದಿನ ರಸ್ತೆಯಲ್ಲಿ ತರಕಾರಿ ತರಲು ಹೋದಾಗ ಕಂಡಿತು. ಒಂದು ಸ್ಕೂಟಿ, ಸುತ್ತ ಎಂಟು ಹತ್ತು ಜನ. ಅವರಲ್ಲಿ ನಮ್ಮನೆಯವರು ಕಲ್ಲುಬೆಂಚಿನ ಮೇಲೆ ಕೂತು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಾರೆ. ಪಕ್ಕದಲ್ಲಿ ನಾಗರಾಜಪ್ಪ.

ನಾಗರಾಜಪ್ಪ ನನ್ನನ್ನು ಕಂಡು ಎಲೆ ಮಡಚಿದರು. ಇವರು ಮಡಚಲಿಲ್ಲ.

"ಇದು ನಮ್ಮ ಸಮಿತಿ ಒಪ್ಪದ ರೊಟ್ಟಿ," ಎಂದೆ.

"ಸಮಿತಿ ವ್ಯಾಪ್ತಿ ನಮ್ಮ ಕ್ರಾಸಿಗೆ ಮಾತ್ರ. ಇದು ಬೇರೆ ರಸ್ತೆ," ಎಂದರು ಇವರು ಶಾಂತವಾಗಿ. "ಕೂತ್ಕೋ. ಬಿಸಿ ಇದೆ."

ಕೂತೆ. ರೊಟ್ಟಿ ತಿಂದೆ. ಏನು ಹೇಳಲಿ, ಅಂಚು ಗರಿ, ನಡುವೆ ಮೆತ್ತಗೆ, ಸಬ್ಬಸಿಗೆಯ ಘಮ. ಹಿಂತಿರುಗುವಾಗ ಇವರು, "ನಿನ್ನ ಪಾಠವನ್ನ ನಾನು ಅಷ್ಟು ವರ್ಷ ನಂಬಲಿಲ್ಲ. ಈಗ ನಂಬ್ತೀನಿ ಅಂದ್ರೆ ನೀನೇ ಬಿಟ್ಟುಬಿಟ್ಟಿದ್ದೀಯ," ಎಂದರು. ನನ್ನ ಬಾಯಲ್ಲಿ ಇನ್ನೂ ಬೆಣ್ಣೆಯಿತ್ತು.

ಆ ವಾರವಿಡೀ ಯೋಚಿಸಿದೆ. ನಮಗೆ ಬೇಕಾಗಿದ್ದು ಆಂಬುಲೆನ್ಸಿಗೆ ದಾರಿ. ಅದನ್ನು ಬಿಟ್ಟು ನಾವು ಯಾರು ಏನು ಮಾರಬೇಕು ಎಂದು ಹೇಳಲು ಹೋಗಿದ್ದೆವು. ಸಮಿತಿ ಕರೆದು ಹಳೆಯ ಬೋರ್ಡು ಇಳಿಸಿದೆ. ಸೈಟಿನ ಅಂಚಿಗೆ ಸುಣ್ಣದ ಒಂದು ಗೆರೆ. ಗಾಡಿ, ಬೈಕು ಎಲ್ಲವೂ ಗೆರೆಯ ಒಳಗೆ, ಸೈಟಿನಲ್ಲಿ. ರಸ್ತೆಗೆ ಒಂದು ಚಕ್ರ ಬಂದರೂ ಆ ದಿನ ವ್ಯಾಪಾರವಿಲ್ಲ. ಕಸ ಅವರವರದೇ. ಇಷ್ಟಕ್ಕೆ ಒಪ್ಪಿದವರು ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ಮಾರಬಹುದು. ಸೈಟಿನ ಯಜಮಾನರು ದಾವಣಗೆರೆಯಲ್ಲಿರುತ್ತಾರೆ, ಫೋನಿನಲ್ಲಿ ಒಪ್ಪಿದರು. ಮನೆ ಕಟ್ಟುವವರೆಗೆ ಎಂದರು.

ನಾನು ಹೆಮ್ಮೆಯಿಂದ ಬೀದಿಗೆ ಹೋಗಿ ಇದನ್ನು ಸಾರಿದೆ. ಐದು ಜನ ತಲೆಯಾಡಿಸಿದರು. ಸೆಲ್ವಿ ಒಲೆ ಆರಿಸಿದಳು.

"ಜಾಗ ಕಾಯಂ ಅಂತ ನೀವೇ ಹೇಳಿದ್ರಿ ಮೇಡಂ."

"ನಿನ್ನ ಜಾಗ ಎಲ್ಲಿಗೂ ಹೋಗಲ್ಲ ಸೆಲ್ವಿ. ಇನ್ನೂ ನಾಲ್ಕು ಜನ ಬರ್ತಾರೆ, ಅಷ್ಟೇ."

"ಅದನ್ನ ನಂಬಿ ನಾನು ಭದ್ರಾವತಿಲಿದ್ದ ಜಾಗ ತಂಗಿಗೆ ಕೊಟ್ಬಿಟ್ಟೆ. ಈಗ ಇಲ್ಲಿ ಯಾರು ಬೇಕಾದ್ರೂ ಬರ್ಬಹುದು ಅಂತೀರಿ. ನಾಳೆ ಮತ್ತೆ ಇನ್ನೊಂದು ಬೋರ್ಡು ಕಟ್ತೀರಿ." ಅವಳು ದನಿ ಏರಿಸಲಿಲ್ಲ. ಹಂಚು ಒರೆಸಿದಳು, ಸಾಮಾನು ಆಟೋಕ್ಕೆ ಏರಿಸಿದಳು. "ನೀವು ಓದಿದವ್ರು, ಹೇಗೆ ಬೇಕಾದ್ರೂ ಬದ್ಲಾಯಿಸ್ತೀರಿ. ನಾನು ಹಿಟ್ಟು ಹಿಂದಿನ ದಿನವೇ ರುಬ್ಬಿಡ್ಬೇಕು."

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ರೇಣುಕಾ ಬಂದಳು, ಸೊಪ್ಪಿನ ಪಡ್ಡಿನವನು ಮರಳಿದ, ಬೀದಿ ಮತ್ತೆ ಕಳೆಗಟ್ಟಿತು. ಸುಣ್ಣದ ಗೆರೆ ದಾಟಿ ಒಂದು ಬೈಕೂ ಬರಲಿಲ್ಲ. ನನ್ನ ಪುಸ್ತಕದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಸ್ಪರ್ಧೆ ತಡೆಯಲಾರದ ಒಬ್ಬರು ಹೊರಗೆ ಹೋಗಿದ್ದಾರೆ, ಹೊಸಬರು ಒಳಗೆ ಬಂದಿದ್ದಾರೆ. ಪುಸ್ತಕ ಅಲ್ಲಿಗೆ ಆ ಪ್ಯಾರಾ ಮುಗಿಸುತ್ತದೆ. ಹೊರಗೆ ಹೋದವರು ಆ ಸಂಜೆ ಎಲ್ಲಿ ಕೂತಿದ್ದಾರೆ ಎಂದು ಅದು ಬರೆಯುವುದಿಲ್ಲ. ನನಗೆ ನಿದ್ದೆ ಬಂತು, ಸುಳ್ಳು ಹೇಳುವುದಿಲ್ಲ, ಆದರೆ ಪಡ್ಡು ಸೇರಲಿಲ್ಲ.

ಇವರಿಗೆ ಭದ್ರಾವತಿಯಲ್ಲಿ ಪಿಂಚಣಿಯದೇನೋ ಕೆಲಸವಿತ್ತು. ನಾನೂ ಹೊರಟೆ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಮುಕ್ತ ಮಾರುಕಟ್ಟೆಯವಳು ಬಿಟ್ಟಿಯಾಗಿ ಕೂತೆ, ಸರ್ಕಾರದ ಪಕ್ಷದವರು ದುಡ್ಡು ಕೊಟ್ಟು ಪಕ್ಕದಲ್ಲಿ ಕೂತರು.

ಸೆಲ್ವಿ ಸಿಕ್ಕಿದ್ದು ಹಳೆಯ ಕ್ವಾರ್ಟರ್ಸಿನ ದಾರಿಯಲ್ಲಿ, ತಂಗಿಯ ಗಾಡಿಯ ಪಕ್ಕ ಒಂದು ಸ್ಟೂಲಿನ ಮೇಲೆ. ಇಬ್ಬರಿಗಾಗುವಷ್ಟು ವ್ಯಾಪಾರ ಅಲ್ಲಿರಲಿಲ್ಲ, ಅದು ನೋಡಿದರೇ ತಿಳಿಯುತ್ತಿತ್ತು. ನಮ್ಮನ್ನು ಕಂಡು ಎದ್ದು, ಸ್ಟೂಲು ಒರೆಸಿ ಇವರ ಕಡೆಗೆ ಸರಿಸಿದಳು. ನನಗೆ ಕೂತ್ಕೊಳ್ಳಿ ಎನ್ನಲಿಲ್ಲ.

"ವಾಪಸ್ ಬಾ ಸೆಲ್ವಿ," ಎಂದೆ.

"ರೊಟ್ಟಿಯವಳು ಇದಾಳಂತಲ್ಲ."

"ಇದಾಳೆ. ಇರ್ತಾಳೆ. ಅವಳನ್ನ ಕಳಿಸ್ತೀನಿ ಅಂತ ನಾನು ಹೇಳಲ್ಲ."

ಅವಳು ತಂಗಿಯ ಹಂಚಿನಲ್ಲಿದ್ದ ಪಡ್ಡು ತಿರುವಿದಳು. "ರೊಟ್ಟಿಗೆ ನಾನು ಹೆದ್ರಲ್ಲ ಮೇಡಂ. ಮುಂಚೆ ಎರಡು ಪಡ್ಡಿನ ಗಾಡಿ ಇರ್ಲಿಲ್ವಾ? ನಿಮ್ಮ ಬೋರ್ಡಿಗೆ ಹೆದರ್ತೀನಿ. ಅದು ಯಾವಾಗ ಬದಲಾಗುತ್ತೆ ಅಂತ ನಂಗೆ ಗೊತ್ತಾಗಲ್ಲ."

ಇವರು ನಡುವೆ ಬಾಯಿ ಹಾಕಿದರು. ಕಾರ್ಖಾನೆಯಲ್ಲಿ ಯೂನಿಯನ್ ನೋಡಿದವರು. "ಹಾಗಾದ್ರೆ ಸಮಿತಿಲಿ ನೀನೂ ಇರು ಸೆಲ್ವಿಯಮ್ಮ. ಏನೇ ಬದಲಾಯಿಸ್ಬೇಕಾದ್ರೂ ನೀನೂ ಹೂಂ ಅನ್ನಬೇಕು, ಒಂದು ತಿಂಗಳು ಮುಂಚೆ ಹೇಳಬೇಕು. ಆಗಬಹುದಾ?"

ನನ್ನನ್ನು ಕೇಳದೆ ನನ್ನ ಸರ್ಕಾರದಲ್ಲಿ ಪಾಲು ಕೊಟ್ಟುಬಿಟ್ಟಿದ್ದರು. ಸೆಲ್ವಿ ನನ್ನ ಕಡೆ ನೋಡಿದಳು. ನಾನು ಆಗಬಹುದು ಎಂದೆ. ಆಮೇಲೆ ಅವಳು ಒಳಗಿನಿಂದ ಇನ್ನೊಂದು ಸ್ಟೂಲು ತಂದಳು.

ನಾಗರಾಜಪ್ಪ ಮೊದಮೊದಲು ಗೊಣಗಿದರು, ಗಾಡಿಯವಳು ಸಮಿತಿಯಲ್ಲಿ ಕೂರುವುದೇ ಎಂದು. ಈಗ ಅವರೇ ಅವಳಿಗೆ ಹೆದರುತ್ತಾರೆ. ಸೆಲ್ವಿಯಷ್ಟು ಕಟ್ಟುನಿಟ್ಟಿನ ಅಧಿಕಾರಿಯನ್ನು ನಾನು ಕಂಡಿಲ್ಲ. ಗಿರೀಶನ ಎಣ್ಣೆಗೆ ಮೂಗು ಒಡ್ಡಿ ಪರೀಕ್ಷೆ ಮಾಡುತ್ತಾಳೆ. ಗೆರೆಯ ಮೇಲೆ ಅರ್ಧ ಚಕ್ರ ಬಂದ ತಪ್ಪಿಗೆ ಕಬ್ಬಿನ ಹಾಲಿನವನಿಗೆ ಒಂದು ಇಡೀ ಸಂಜೆ ರಜೆ ಕೊಟ್ಟಳು. ರೇಣುಕಾ ಜೊತೆ ಮೊದಲು ಮಾತಿರಲಿಲ್ಲ. ಈಗ ಒಬ್ಬರ ಗ್ಯಾಸ್ ಮುಗಿದರೆ ಇನ್ನೊಬ್ಬರ ಒಲೆ. ಕೆಂಪು ಚಟ್ನಿ ಮರಳಿದೆ. ಇಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿಂದ ನೋಡುತ್ತಲೇ ಇರುತ್ತಾರೆ, ಅದರಿಂದ ನಮ್ಮ ಹೊಟ್ಟೆಗೆ ಒಳ್ಳೆಯದೇ ಆಗುತ್ತಿದೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಸರೋಜಮ್ಮ ಓಡಾಡುವಂತಾದರು. ಓಡಾಟ ಎಂದರೆ, ವಾಕರ್ ಹಿಡಿದು ಕೋಣೆಯಿಂದ ಗೇಟಿನವರೆಗೆ. ಒಂದು ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು ನನ್ನನ್ನು ಕರೆದರು.

"ವನಜಾ, ಒಂದು ಗಾಡೀನ ನಮ್ಮ ಗೇಟಿನ ಹತ್ರ ನಿಲ್ಸೋಕೆ ಹೇಳು ಮಾರಾಯ್ತಿ. ಅಲ್ಲೀವರೆಗೂ ನಂಗೆ ನಡೆಯೋಕಾಗಲ್ಲ. ವಾಸನೆ ಮಾತ್ರ ಇಲ್ಲೀವರೆಗೂ ಬರುತ್ತೆ."

"ಸರೋಜಮ್ಮ, ರಸ್ತೇಲಿ ಗಾಡಿ ಬೇಡ ಅಂತ ಮಾಡಿದ್ದೇ ನಿಮ್ಮ ಸಲುವಾಗಿ."

"ನಾನು ಮಾಡಿ ಅಂದಿದ್ನಾ? ನಾನಾಗ ಆಸ್ಪತ್ರೇಲಿದ್ದೆ."

ನಿಜವೇ. ಯಾರ ಹೆಸರು ಹೇಳಿಕೊಂಡು ಅಷ್ಟೊಂದು ನಿಯಮ ಮಾಡಿದೆವೋ, ಅವರನ್ನು ನಾವು ಒಂದು ಮಾತು ಕೇಳಿರಲಿಲ್ಲ. ವಿಷಯವನ್ನು ಸಮಿತಿಯ ಮುಂದಿಟ್ಟೆ. ಸೆಲ್ವಿ ಒಂದೇ ಮಾತಿಗೆ, "ಆಗಲ್ಲ ಮೇಡಂ. ಒಬ್ರಿಗೆ ಬಿಟ್ರೆ ಎಲ್ರೂ ಕೇಳ್ತಾರೆ," ಎಂದಳು. ಹೋಗಲಿ, ಅವರ ಮನೆಗೆ ತಲುಪಿಸುತ್ತೀರಾ ಎಂದು ಗಾಡಿಯವರನ್ನು ಕೇಳಿದೆ. ಸಂಜೆಯ ಗಿರಾಕಿಯನ್ನು ಬಿಟ್ಟು ಒಂದು ಪ್ಲೇಟಿಗಾಗಿ ಹೋಗುವುದು ಯಾರಿಗೂ ಗಿಟ್ಟುವುದಿಲ್ಲವೆಂದರು. ಅದೂ ನ್ಯಾಯವೇ. ಸರ್ಕಾರ ಒಪ್ಪಲಿಲ್ಲ, ಮಾರುಕಟ್ಟೆ ಅಲುಗಲಿಲ್ಲ. ನಾನು ತಲೆ ಕೆರೆದುಕೊಳ್ಳುತ್ತ ನಿಂತಿದ್ದಾಗ ನಮ್ಮನೆಯವರು ಮನೆಯೊಳಗಿನಿಂದ ಒಂದು ಸ್ಟೀಲ್ ತಟ್ಟೆ ತಂದು, ಎರಡು ರೊಟ್ಟಿ, ನಾಲ್ಕು ಪಡ್ಡು ಹಾಕಿಸಿಕೊಂಡು ರಸ್ತೆ ದಾಟಿದರು.

ಅಂದಿನಿಂದ ಅದು ನಡೆದುಕೊಂಡು ಬಂದಿದೆ. ಇವರಿಗೆ ಆಗದ ದಿನ ನಾನು ಒಯ್ಯುತ್ತೇನೆ, ನಾವಿಬ್ಬರೂ ಇಲ್ಲದ ದಿನ ನಾಗರಾಜಪ್ಪ. ನಿನ್ನೆ ಸರೋಜಮ್ಮ ಸೊಸೆಯ ಹತ್ತಿರ ಹೇಳಿಕಳಿಸಿದ್ದಾರೆ, ರೊಟ್ಟಿಗೆ ಬೆಣ್ಣೆ ಕಡಿಮೆ ಬರುತ್ತಿದೆಯಂತೆ, ತಟ್ಟೆ ಬರುವ ಹೊತ್ತೂ ದಿನಕ್ಕೊಂದು ತರಹವಂತೆ. ನನಗೆ ಬೇಜಾರಾಗಲಿಲ್ಲ. ಒಂದು ವ್ಯವಸ್ಥೆಯ ಮೇಲೆ ಜನ ದೂರು ಹೇಳಲು ಶುರುಮಾಡಿದರೆಂದರೆ, ಅದು ನಾಳೆಯೂ ಇರುತ್ತದೆಂದು ಅವರು ನಂಬಿದ್ದಾರೆ ಎಂದೇ ಲೆಕ್ಕ.